ಹುಣಸೆ ಕೊಂಬೆಗೆ ಏರಿದ ಇಂಜಿನ್

ನಾನು ನಿಂತಿದ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ. ಕಾರಿನ ಮೂತಿಗೂ ನನಗೂ ನಡುವೆ ಎರಡು ಮಾರು ಜಾಗವಿತ್ತು. ಊರು ಕೊಳ್ಳೇಗಾಲ, ಜಾಗ ನನ್ನ ಭಾವ ರಾಚಪ್ಪನವರ ಮನೆಯ ಹಿತ್ತಲು, ಕಾಲ ಅರವತ್ತೇಳನೆಯ ಇಸವಿಯ ಕಾರ್ತಿಕದ ಒಂದು ಭಾನುವಾರ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ನೆಂಟರಲ್ಲಿ ಯಾರ ಮದುವೆಗೆ ಹೋದರೂ ಊಟ ಮುಗಿದು ಎಲೆಯಡಿಕೆ ತಟ್ಟೆ ಬರುವ ಹೊತ್ತಿಗೆ ಈ ಸಂಗತಿ ಏಳುತ್ತದೆ. ಎದ್ದಾಗಲೆಲ್ಲ ಇಂಜಿನ್ನು ಇನ್ನೊಂದಿಷ್ಟು ಮೇಲಕ್ಕೆ ಹೋಗುತ್ತದೆ. ಮೊನ್ನೆ ಹನೂರಿನ ಒಂದು ಮದುವೆಯಲ್ಲಿ, ಆ ಕಾಲಕ್ಕೆ ಹುಟ್ಟೇ ಇರದಿದ್ದ ಹುಡುಗನೊಬ್ಬ, ಇಂಜಿನ್ನು ಮನೆಯ ಹೆಂಚಿನ ಮೇಲೆ ಹೋಗಿ ಕೂತಿತ್ತೆಂದೂ ಎತ್ತು ಅದನ್ನು ಕೊಂಬಿನಲ್ಲಿ ಇಳಿಸಿತೆಂದೂ ಹೇಳುತ್ತಿದ್ದ. ಕೇಳುವವರು ತಲೆದೂಗುತ್ತಿದ್ದರು. ನಾನು ಪಾಯಸದ ಲೋಟ ಕೆಳಗಿಟ್ಟು ಹಾಗಲ್ಲ ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಬರೆಯುವುದಕ್ಕೆ ನನಗೆ ಒಂದಿಷ್ಟು ಹಕ್ಕೂ ಇದೆ. ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸದಲ್ಲಿ ನನ್ನ ಆಯುಷ್ಯದ ಒಳ್ಳೆಯ ಪಾಲು ಕಳೆದಿದೆ. ಕಂಡದ್ದನ್ನು ಹೇಳುವ ಸಾಕ್ಷಿಗಳು ಕಡಿಮೆ. ಕಂಡಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಹೇಳುವವರೇ ಜಾಸ್ತಿ. ಎಲ್ಲಿ ನಿಂತಿದ್ದೆ ಎಂದು ವಕೀಲರು ಕೇಳಿದ ಕೂಡಲೇ ಅರ್ಧ ಜನ ಬೆವರುತ್ತಾರೆ. ಇದನ್ನು ದಿನವೂ ನೋಡಿದವನಾದ್ದರಿಂದ ನಾನು ನಿಂತ ಜಾಗವನ್ನು ಮೊದಲನೆಯ ಸಾಲಿನಲ್ಲೇ ಇಟ್ಟಿದ್ದೇನೆ.

ಮೊದಲು ಕಾರಿನ ಮಾತು. ಭಾವನದು ರೇಷ್ಮೆ ನೂಲು ತೆಗೆಸುವ ಕಸುಬು. ಗೂಡು ತರಲು ಊರೂರು ತಿರುಗಬೇಕು ಎಂದು ಹೇಳಿ, ಯಾರೋ ಉಪಯೋಗಿಸಿ ಬಿಟ್ಟ ಒಂದು ಚಿಕ್ಕ ಕಾರು ತಂದರು. ನಿಜವಾದ ಕಾರಣ ಗೂಡಲ್ಲ, ಆಸೆ. ಬೀದಿಯವರು ಅದನ್ನು ಡಬ್ಬಿ ಎಂದು ಕರೆದರು. ಯಳಂದೂರಿನ ಕಡೆಗೆ ಹೊರಟರೆ ಡಬ್ಬಿ ಬೆಣ್ಣೆಯ ಹಾಗೆ ಹೋಗುತ್ತಿತ್ತು, ಯಾಕೆಂದರೆ ಆ ಕಡೆ ನೆಲ ಮಟ್ಟಸ. ಹನೂರಿನ ಕಡೆಗೆ ತಿರುಗಿಸಿದರೆ ಉಬ್ಬಸದ ಮುದುಕನಂತೆ ಪ್ರತಿ ಏರಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಮಾದೇಶ್ವರನ ಬೆಟ್ಟಕ್ಕೆ ಹೋಗುವ ದಿನವಂತೂ ತಾಳುಬೆಟ್ಟ ದಾಟಿ ಮೊದಲ ತಿರುವು ಬರುತ್ತಲೇ ನಾವು ಇಳಿಯಲು ಸಿದ್ಧರಾಗುತ್ತಿದ್ದೆವು. ಅದಕ್ಕೊಂದು ಕ್ರಮವಿತ್ತು. ಮೊದಲು ನಾನು, ಆಮೇಲೆ ಅಕ್ಕಿ ಮೂಟೆ, ಆಮೇಲೆ ಭಾವನ ತಾಯಿ, ಕೊನೆಗೆ ನನ್ನ ಅಕ್ಕ ಶಿವಮ್ಮ.

ಅಕ್ಕನಿಗೆ ಚಿಕ್ಕವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ಮನೆಯೊಳಗೆ ನೋಡಿದವರಿಗೆ ಗೊತ್ತೇ ಆಗುವುದಿಲ್ಲ, ಅಷ್ಟು ಜಾಣತನದಿಂದ ಓಡಾಡುತ್ತಾಳೆ. ಏರಿನಲ್ಲಿ ಮಾತ್ರ ಕಾಲು ಮಾತು ಕೇಳುವುದಿಲ್ಲ. ಮಗಳು ಪುಟ್ಟಿಯ ಮುಡಿ ಕೊಡಲು ಹೋದ ಸಲ ಕಾರು ತಿರುವಿನಲ್ಲಿ ನಿಂತಿತು, ಅಕ್ಕ ಇಳಿದಳು, ನಾವು ತಳ್ಳುತ್ತಿದ್ದೆವು. ಹಿಂದಿನಿಂದ ಬಂದ ಬಸ್ಸು ನಮ್ಮನ್ನು ದಾಟುವಾಗ ಕಿಟಕಿಯಿಂದ ಒಂದು ದನಿ, "ಕುಂಟಮ್ಮನ್ನ ಇಳಿಸ್ಬುಟ್ಟು ಕಾರ್ ತಳ್ತಾವ್ರೆ ನೋಡ್ಲಾ" ಎಂದಿತು. ಬಸ್ಸು ಹೋಯಿತು. ಅಕ್ಕ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತಳು. ಅಳಲಿಲ್ಲ. ಕೂತಲ್ಲಿಂದಲೇ ಭಾವನಿಗೆ ಹೇಳಿದಳು:

"ರೀ, ಇನ್ನು ನಾ ಬರಾಕಿಲ್ಲ. ಈ ಕಾರು ನನ್ನ ಕೂರಿಸ್ಕಂಡು ಗುಡಿ ಬಾಗ್ಲುಗಂಟ ಹತ್ತಿದ್ ದಿನ ಬತ್ತೀನಿ. ಅಲ್ಲೀಗಂಟ ಕೂಸಿನ ಕೂದ್ಲು ಅಂಗೇ ಇರ್ಲಿ."

ನಾವು ಮುಡಿ ಕೊಡದೆ ವಾಪಸು ಬಂದೆವು. ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಬೆಟ್ಟದ ಬಸ್ಸಿನಲ್ಲಿ ಆ ಕಾಲು ಚಾಚಲು ಎಲ್ಲಿದೆ ಜಾಗ ಎಂದಳು ಅಕ್ಕ. ಮನೆಯಲ್ಲಿ ಕಾರಿಟ್ಟುಕೊಂಡು ಬಸ್ಸು ಹತ್ತಿದರೆ ಬೀದಿಯವರು ಏನೆಂದಾರು ಎಂದರು ಭಾವ. ಪುಟ್ಟಿಯ ಕೂದಲು ಬೆಳೆಯುತ್ತಾ ಹೋಯಿತು. ದೇವರಿಗೆ ಬಿಟ್ಟ ಕೂದಲು, ಕತ್ತರಿ ಮುಟ್ಟಿಸುವ ಹಾಗಿಲ್ಲ. ಭಾವ ಊಟಕ್ಕೆ ಕೂತಾಗ ಆ ಮಗು ಎದುರಿಗೆ ಬಂದು ಎರಡೂ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಾ ನಿಲ್ಲುತ್ತಿತ್ತು. ಭಾವ ಅನ್ನ ಕಲೆಸುವುದನ್ನು ನಿಲ್ಲಿಸಿ ಬಾಗಿಲ ಹೊರಗೆ ನಿಂತ ಕಾರನ್ನು ನೋಡುತ್ತಿದ್ದರು.

ಹೀಗೆ ನೋಡಿ ನೋಡಿ ಒಂದು ದಿನ ಸತ್ಯಮಂಗಲದ ಗುಜರಿಯಿಂದ ಇನ್ನೊಂದು ಇಂಜಿನ್ನು ತಂದರು. ಅದೇ ಜಾತಿಯದು, ಆದರೆ ಮೈ ಕೈ ತುಂಬಿಕೊಂಡದ್ದು, ಒಂದು ಸಾಮಾನಿನ ವ್ಯಾನಿನಲ್ಲಿ ದುಡಿದದ್ದು. ಡಬ್ಬಿಯ ಹಳೆಯ ಇಂಜಿನ್ನು ತೆಗೆದು ಇದನ್ನು ಕೂರಿಸಿದರೆ ಬೆಟ್ಟವೇ ಇಳಿದು ಬಂದು ಕರೆದುಕೊಂಡು ಹೋಗುತ್ತದೆ ಎಂದರು. ವರ್ಕ್‌ಶಾಪಿಗೆ ಬಿಡಬಾರದೆ ಎಂದೆ. ನೂಲು ತೆಗೆಯುವ ಯಂತ್ರವನ್ನೆಲ್ಲ ನಾನೇ ಬಿಚ್ಚಿ ನಾನೇ ಜೋಡಿಸುವುದಿಲ್ಲವೆ, ಇದರಲ್ಲೇನಿದೆ ಎಂದರು. ಹೊಸ ಇಂಜಿನ್ನು ನಡುಮನೆಯಲ್ಲಿ ಗೋಣಿ ಹೊದ್ದು ಕೂತಿತು. ಭಾವನ ತಾಯಿ, ಅತ್ತೆಮ್ಮ ಎಂದು ನಾವೆಲ್ಲ ಕರೆಯುತ್ತಿದ್ದವರು, ಅದು ಏನೆಂದು ವಿಚಾರಿಸಲು ಹೋಗದೆ, ಮನೆಗೆ ಬಂದ ಮೇಲೆ ಎಲ್ಲ ಒಂದೇ ಎಂದು ಸೋಮವಾರ ಸೋಮವಾರ ಅದಕ್ಕೂ ವಿಭೂತಿ ಬಳಿದು ಹೂವಿಡುತ್ತಿದ್ದರು.

ಇಂಜಿನ್ನನ್ನು ಮೇಲೆತ್ತಲು ಸರಪಣಿ ರಾಟೆ ಬೇಕು. ಸಾಮಿಲ್ಲಿನಲ್ಲಿ ಒಂದಿತ್ತು, ಕೇಳಿದರೆ ಕೊಡುತ್ತಿದ್ದರು. ಆದರೆ ಭಾವ, "ಕೆಂದ ಇರುವಾಗ ಸರಪಣಿ ಏತಕ್ಕೆ?" ಎಂದರು.

ಕೆಂದ ಎಂದರೆ ನಮ್ಮ ತಂದೆಯ ಮನೆಯ ಎತ್ತು. ರಾಮಾಪುರದ ನಮ್ಮ ಹೊಲದ ಬಾವಿಗೆ ಕಪಿಲೆ ಇತ್ತು. ಈಗಿನವರಿಗೆ ಕಪಿಲೆ ಎಂದರೆ ಹೇಳಬೇಕಾಗುತ್ತದೆ. ಬಾವಿಯ ಮೇಲೊಂದು ರಾಟೆ, ಹಗ್ಗದ ಈ ತುದಿಗೆ ದೊಡ್ಡ ಬಾನಿ, ಆ ತುದಿಗೆ ಜೋಡಿ ಎತ್ತು. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಬಾನಿ ಮೇಲೆ ಬಂದು ಕಲ್ಲು ತೊಟ್ಟಿಗೆ ನೀರು ಸುರಿಯುತ್ತದೆ. ಸುರಿದ ಮೇಲೆ ಎತ್ತುಗಳು ತಿರುಗದೆ ಹಾಗೆಯೇ ಹಿಂದಕ್ಕೆ ಹೆಜ್ಜೆಯಿಟ್ಟು ಬರುತ್ತವೆ, ಬಾನಿ ಮತ್ತೆ ಬಾವಿಗಿಳಿಯುತ್ತದೆ. ದಿನವೆಲ್ಲ ಮುಂದಕ್ಕೆ, ಹಿಂದಕ್ಕೆ. ಕೆಂದ ಬೇರೆ ಕೆಲಸ ಕಂಡವನಲ್ಲ. ಬಾವಿಗೆ ಕರೆಂಟಿನ ಪಂಪು ಬಂತು, ಜೊತೆಯ ಎತ್ತು ಸತ್ತುಹೋಯಿತು, ಕೆಂದನನ್ನು ಮಾರಲು ತಂದೆಗೆ ಮನಸ್ಸು ಬರಲಿಲ್ಲ. ಅಕ್ಕನ ಮನೆಯ ಹಿತ್ತಲಿಗೆ ಕಳಿಸಿದರು. ಅಲ್ಲಿ ಅವನು ಹುಲ್ಲು ತಿಂದು, ಅತ್ತೆಮ್ಮ ಕೊಡುವ ಕಲಗಚ್ಚು ಕುಡಿದು, ಗೋಡೆ ನೋಡುತ್ತಾ ನಿಂತಿರುತ್ತಿದ್ದ. ಕೆಲಸ ಬಿಟ್ಟವರ ನಿಲುವು ಅದು. ನಾನು ಈಗ ನಮ್ಮ ಮನೆಯ ಜಗಲಿಯಲ್ಲಿ ಹಾಗೆಯೇ ಕೂರುತ್ತೇನೆ ಎಂದು ಮನೆಯವರು ಹೇಳುತ್ತಾರೆ.

ಭಾವ ರಾಮಾಪುರದಿಂದ ಆ ಹಳೆಯ ಕಪಿಲೆಯ ರಾಟೆಯನ್ನೂ ಹಗ್ಗವನ್ನೂ ತಂದು ಹಿತ್ತಲಿನ ಹುಣಸೆ ಮರದ ಕೊಂಬೆಗೆ ಕಟ್ಟಿದರು. ಕಾರನ್ನು ಕೊಂಬೆಯ ಕೆಳಗೆ ನಿಲ್ಲಿಸಿದರು. ಬಾನೆಟ್ಟನ್ನು ಪೂರ್ತಿ ಬಿಚ್ಚಿ, ಯಾರೂ ತುಳಿಯದಿರಲಿ ಎಂದು ಒಗೆಯುವ ಕಲ್ಲಿನ ಪಕ್ಕ ಬಚ್ಚಲ ಗೋಡೆಗೆ ಒರಗಿಸಿದರು. ಇಂಜಿನ್ನಿನ ನಟ್ಟು ಬೋಲ್ಟು ಬಿಚ್ಚಿ ಹಗ್ಗ ಬಿಗಿದಾಯಿತು. ಎದೆಮಟ್ಟಕ್ಕೆ ಎತ್ತುವುದು, ಕಾರನ್ನು ಹಿಂದಕ್ಕೆ ತಳ್ಳುವುದು, ಇಂಜಿನ್ನನ್ನು ಗೋಣಿಯ ಮೇಲೆ ಇಳಿಸುವುದು, ಇಷ್ಟು ಏರ್ಪಾಡು. ತಳ್ಳುವಾಗ ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕು. ಅಕ್ಕ ತಳ್ಳಲಾರಳು, ಆದ್ದರಿಂದ ಅವಳೇ ಒಳಗೆ ಕೂತಳು. ಕಾರು ಅಲುಗಬಾರದು, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದಿರು ಎಂದು ಭಾವ ಅವಳಿಗೆ ಹೇಳಿದ್ದರು. ಪಕ್ಕದ ಮನೆಯ ಟೈಲರ್ ನಂಜಪ್ಪ ಮೊಳದ ಪಟ್ಟಿ ಕೊರಳಿಗೆ ಹಾಕಿಕೊಂಡೇ ಬಂದ.

ಭಾವ ಕೆಂದನ ಹೆಗಲಿಗೆ ನೊಗ ಇಟ್ಟು ಮುಂದಕ್ಕೆ ಹೊಡೆದರು. ಹಿತ್ತಲು ಕೊನೆಯತ್ತ ಇಳಿಜಾರು. ರಾಟೆ ಕಿರ್ರೆಂದಿತು. ಕೆಂದನ ಕಿವಿ ನೆಟ್ಟಗಾದದ್ದನ್ನು ನಾನು ಕಂಡೆ. ಇದು ನಾನು ಆಣೆ ಮಾಡಿ ಹೇಳಬಲ್ಲ ಮಾತು. ವರ್ಷಗಟ್ಟಲೆ ಕೇಳದಿದ್ದ ಸದ್ದು ಅದು. ಅವನು ನಡೆದ. ಇಂಜಿನ್ನು ಎದೆಮಟ್ಟಕ್ಕೆ ಬಂದಿತು. ಭಾವ ಹೋ ಎಂದರು. ಕೆಂದ ನಿಲ್ಲಲಿಲ್ಲ. ಎದೆಮಟ್ಟದಲ್ಲಿ ಬಾನಿ ನಿಲ್ಲಿಸುವ ಕಪಿಲೆ ಯಾವ ಊರಲ್ಲಿದೆ? ಭಾವ ಮೂಗುದಾರಕ್ಕೆ ಜೋತುಬಿದ್ದರು. ಕೆಂದ ಅವರನ್ನೂ ಎಳೆದುಕೊಂಡೇ ಇಳಿಜಾರು ಪೂರೈಸಿದ. ಇಂಜಿನ್ನು ಹುಣಸೆ ಎಲೆಗಳ ನಡುವೆ ಹೋಗಿ ರಾಟೆಗೆ ತಗುಲಿ ನಿಂತಿತು. ಹೆಂಚಿನ ಮಟ್ಟಕ್ಕಿಂತ ಕೆಳಗೇ ಇತ್ತು, ಇದನ್ನು ಗಮನಿಸಬೇಕು.

ಆಮೇಲೆ ಶುರುವಾಯಿತು ತೊಂದರೆ. ಕೆಂದ ಹಿಂದಕ್ಕೆ ಬರಲೊಲ್ಲ. ನೊಗಕ್ಕೆ ಹೆಗಲು ಕೊಟ್ಟು ಕಲ್ಲಿನ ಹಾಗೆ ನಿಂತ. ಭಾವ ಪುಸಲಾಯಿಸಿದರು, ಬೆಲ್ಲ ತೋರಿಸಿದರು, ಕೊಂಬು ಹಿಡಿದು ದಬ್ಬಿದರು. ಅವನು ಒಂದು ಸಲ ಕತ್ತು ತಿರುಗಿಸಿ ಮೇಲಿನ ಇಂಜಿನ್ನನ್ನು ನೋಡಿ ಮತ್ತೆ ಮುಂದೆ ನೋಡಿದ. ನಂಜಪ್ಪ, "ಅಣ್ಣೋ, ನಿಮ್ಮ ಎತ್ತು ಲೆಕ್ಕ ಕಲ್ತದೆ, ಸಂಬಳ ಕೊಡೋಗಂಟ ಬುಡಾಕಿಲ್ಲ" ಎಂದ. ನಾನು ನಕ್ಕೆ. ಈಗ ಯೋಚಿಸಿದರೆ ನಗಬೇಕಾದದ್ದೇನೂ ಇರಲಿಲ್ಲ. ತುಂಬಿದ ಬಾನಿಯನ್ನು ಸುರಿಯದೆ ಮತ್ತೆ ಬಾವಿಗೆ ಬಿಡುವುದು ಆ ಎತ್ತಿನ ಬಾಳಿನಲ್ಲಿ ಒಂದು ಸಲವೂ ನಡೆದಿರಲಿಲ್ಲ. ಅವನು ನೀರು ಬೀಳುವುದನ್ನು ಕಾಯುತ್ತಿದ್ದ. ಅಷ್ಟು ನಿಯತ್ತು ನಾನು ಕೆಲಸ ಮಾಡಿದ ಕಚೇರಿಯಲ್ಲಿ ಯಾರಲ್ಲೂ, ನನ್ನಲ್ಲೂ, ಕಂಡಿಲ್ಲ.

ಕೊನೆಗೆ ಭಾವ ಒಂದು ತೀರ್ಮಾನಕ್ಕೆ ಬಂದರು. ಎತ್ತು ಹೇಗೂ ಹಿಂದೆ ಬರುವುದಿಲ್ಲ, ಆದ್ದರಿಂದ ಇಂಜಿನ್ನು ಹೇಗೂ ಇಳಿಯುವುದಿಲ್ಲ, ಆದ್ದರಿಂದ ಹೆದರಿಕೆಯಿಲ್ಲ, ಮೊದಲು ಕಾರನ್ನು ತಳ್ಳಿಬಿಡೋಣ. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಮೂವರೂ ಮುಂದಿನಿಂದ ತಳ್ಳಿದೆವು. ಕಾರು ಅಲುಗಲಿಲ್ಲ. ಮತ್ತೆ ತಳ್ಳಿದೆವು. ಅಷ್ಟರಲ್ಲಿ ಮೇಲೆ ಕೊಂಬೆ ಒಂದು ಸಲ ಕಿರುಗುಟ್ಟಿತು. ನಾನು ಒಗೆಯುವ ಕಲ್ಲಿನ ಪಕ್ಕಕ್ಕೆ ಬಂದೆ. ನಂಜಪ್ಪ ನೀರು ಕುಡಿದು ಬರುತ್ತೇನೆಂದು ಗೋಡೆಯ ಆಚೆಗೆ ಹೋಗಿ ಗೋಡೆಯ ಮೇಲಿಂದ ತಲೆ ತೋರಿಸಿದ. ಭಾವ ಮಾತ್ರ, ಏನೋ ಪೈಪು ಎಲ್ಲೋ ಸಿಕ್ಕಿಕೊಂಡಿರಬೇಕು ಎಂದು ಇಂಜಿನ್ನು ಇದ್ದ ಗುಂಡಿಯೊಳಕ್ಕೆ ಸೊಂಟದ ತನಕ ಬಗ್ಗಿದರು. ಸಿಕ್ಕಿಕೊಂಡದ್ದು ಏನೂ ಇರಲಿಲ್ಲ. ಹ್ಯಾಂಡ್ ಬ್ರೇಕನ್ನು ಅಕ್ಕ ಎರಡೂ ಕೈಯಲ್ಲಿ ಎಳೆದು ಹಿಡಿದಿದ್ದಳು. ಬಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಗ ಅತ್ತೆಮ್ಮ ಅಡಿಗೆಮನೆಯಿಂದ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಬಂದರು. ಅವರಿಗೆ ಇಂಜಿನ್ನಿನ ಯೋಚನೆಯಿರಲಿಲ್ಲ, ಅಡಿಗೆಗೆ ಹೊತ್ತಾಗುತ್ತಿತ್ತು. ದಿನದ ಹಾಗೆ ಅದನ್ನು ದನದ ಕಲ್ಲು ತೊಟ್ಟಿಗೆ ಸುರಿದರು. ಕಲ್ಲಿನ ಮೇಲೆ ನೀರು ಬಿದ್ದ ಸದ್ದು ಹಿತ್ತಲಿಗೆಲ್ಲ ಕೇಳಿಸಿತು.

ಕೆಂದ ಸಮಾಧಾನದಿಂದ ಒಂದು ನಿಟ್ಟುಸಿರು ಬಿಟ್ಟು ಹಿಂದಕ್ಕೆ ಹೆಜ್ಜೆಯಿಡತೊಡಗಿದ.

ಇಂಜಿನ್ನು ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಬೀಳಲಿಲ್ಲ, ಇಳಿಯಿತು. ಬಾನಿ ಬಾವಿಗೆ ಇಳಿಯುವ ಹಾಗೆ, ನೆಟ್ಟಗೆ, ಎಲ್ಲಿಂದ ಹೋಗಿತ್ತೋ ಅಲ್ಲಿಗೆ. ಭಾವನ ಬೆನ್ನು ಅಲ್ಲಿತ್ತು. ನಾನು ನಿಂತ ಜಾಗ ಬಿಟ್ಟು ಕದಲಲಿಲ್ಲ. ಮುಂದಿನ ಗಾಜಿನೊಳಗಿಂದ ಅಕ್ಕ ನೋಡುತ್ತಿದ್ದಳು. "ರೀ" ಎಂದಳು. ಭಾವ ಗುಂಡಿಯೊಳಗಿಂದಲೇ ಹೂಂ ಎಂದರು. "ರೀ, ರೀ" ಎಂದಳು. ದಿನಕ್ಕೆ ನೂರು ಸಲ ಕೇಳುವ ಮಾತಿಗೆ ಯಾವ ಗಂಡ ತಲೆಯೆತ್ತುತ್ತಾನೆ? ತಾಳೇ ಎಂದರು.

ಆಗ ಅಕ್ಕ ಕೂಗಿದಳು.

"ರಾಚಪ್ಪಾ!"

ನಮ್ಮ ಕಡೆ ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರಬಾರದು. ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯ ದಿನ ಒಗಟಿನ ಮರೆಯಲ್ಲಿ ಒಂದು ಸಲ ಹೇಳಿಸಿದರೆ ಮುಗಿಯಿತು, ಆಮೇಲೆ ಅದು ಊರಿನವರ ಸ್ವತ್ತು. ಅಕ್ಕನ ದನಿಯಲ್ಲಿ ತಮ್ಮ ಹೆಸರು ಹೇಗಿರುತ್ತದೆಂದು ಭಾವನಿಗೆ ಗೊತ್ತೇ ಇರಲಿಲ್ಲ. ಯಾರೋ ಹೊರಗಿನ ಹೆಂಗಸು ತನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದಾಳೆ ಎಂದು ಅವರು ಗುಂಡಿಯಿಂದ ಎದ್ದು, ಒಂದು ಹೆಜ್ಜೆ ಹಿಂದೆ ಸರಿದು, ಬೀದಿ ಬಾಗಿಲ ಕಡೆ ತಿರುಗಿ ನೋಡಿದರು. ಇಂಜಿನ್ನು ಅವರ ಹೆಗಲ ಟವಲನ್ನು ಕಿತ್ತುಕೊಂಡು ತನ್ನ ಜಾಗದಲ್ಲಿ ಹೋಗಿ ಕೂತಿತು. ಟವಲು ಅದರ ಅಡಿಯಲ್ಲಿ ಸಿಕ್ಕಿತ್ತು.

ಭಾವ ಒಮ್ಮೆ ಟವಲನ್ನು ನೋಡಿದರು, ಒಮ್ಮೆ ಕಾರಿನೊಳಗೆ ನೋಡಿದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅದು ಹೆದರಿಕೆಗಲ್ಲ, ಆಡಿದ ಮಾತಿಗೆ. ಮೊದಲು ಮಾತಾಡಿದವರು ಅತ್ತೆಮ್ಮ. ಪಾತ್ರೆ ಕೆಳಗಿಟ್ಟು ಕೇಳಿದರು:

"ಶಿವಮ್ಮ, ನೀ ಈಗ ಏನಂದೆ?"

ಇಂಜಿನ್ನು, ಎತ್ತು, ಮಗನ ಬೆನ್ನು, ಇದೆಲ್ಲವನ್ನೂ ನಾವು ಬಿಡಿಸಿ ಹೇಳಿದೆವು. ಅವರು ಎಲ್ಲವನ್ನೂ ಕೇಳಿ ಮಗನ ತಲೆ ಬೆನ್ನು ಮುಟ್ಟಿ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ, ಉಳಿಸಿದ್ದು ಸರಿ, ಹೆಸರು ಕೂಗಿದ್ದೂ ತಪ್ಪೇ, ಎರಡೂ ಇರಲಿ ಎಂದರು. ಬೆಟ್ಟಕ್ಕೆ ಹೋಗಿ ತಪ್ಪುಗಾಣಿಕೆ ಒಪ್ಪಿಸಬೇಕು, ಕೂಗಿದವಳೇ ಒಪ್ಪಿಸಬೇಕು, ತಡಮಾಡಬಾರದು. ಹೀಗೆ ಮಗಳ ಕೂದಲಿನ ಜೊತೆಗೆ ಗಂಡನ ಆಯುಷ್ಯವೂ ಆ ಕಾರಿನ ಮೇಲೆ ಬಿತ್ತು. ಅಕ್ಕನೋ ತನ್ನ ಮಾತು ಬಿಡಲಿಲ್ಲ. ಹೋಗುತ್ತೇನೆ, ನಡುವೆ ಇಳಿಯುವುದಿಲ್ಲ ಎಂದಳು.

ಮುಂದಿನ ಭಾನುವಾರ ಮತ್ತೆ ಕೆಂದನನ್ನು ಕಟ್ಟಿದರು. ಈ ಸಲ ಹ್ಯಾಂಡ್ ಬ್ರೇಕ್ ಬಿಟ್ಟಿತ್ತು, ತೊಟ್ಟಿಯ ಹತ್ತಿರ ಅತ್ತೆಮ್ಮ ಕೊಡ ಹಿಡಿದು ನಿಂತಿದ್ದರು. ಹಳೆಯ ಇಂಜಿನ್ನು ಮೇಲೆ ಹೋಯಿತು, ಕಾರನ್ನು ತಳ್ಳಿದೆವು, ಭಾವ ಕೈಯೆತ್ತಿದರು, ಅತ್ತೆಮ್ಮ ನೀರು ಸುರಿದರು, ಕೆಂದ ಹಿಂದೆ ಬಂದ, ಇಂಜಿನ್ನು ಗೋಣಿಯ ಮೇಲೆ ಇಳಿಯಿತು. ಹೊಸದೂ ಹಾಗೆಯೇ ಏರಿತು, ಹಾಗೆಯೇ ಇಳಿದು ಡಬ್ಬಿಯೊಳಗೆ ಕೂತಿತು. ಎಲ್ಲ ಮುಗಿದ ಮೇಲೂ ಕೆಂದ ನೊಗ ಬಿಚ್ಚಿಸಿಕೊಳ್ಳಲಿಲ್ಲ, ಇನ್ನೊಂದು ಬಾನಿಗೆ ಕಾದು ನಿಂತ. ಅತ್ತೆಮ್ಮ ಬರಿ ಹಗ್ಗ ಎಳೆಸಿ ಇನ್ನೊಂದು ಕೊಡ ಸುರಿದರು. ಅದು ಯಾವ ಕೆಲಸಕ್ಕೂ ಅಲ್ಲ. ಕೆಂದನಿಗೆ.

ಹೊಸ ಇಂಜಿನ್ನು ಕೂರಲು ಮುಂದಿನ ತಗಡು ಕತ್ತರಿಸಬೇಕಾಯಿತು, ರೇಡಿಯೇಟರ್ ಇಕ್ಕಟ್ಟಿಗೆ ಸಿಕ್ಕಿತು. ಆದರೂ ತಾಳುಬೆಟ್ಟ ದಾಟಿ ಮೊದಲ ತಿರುವಿಗೆ ಬಂದಾಗ ಅಭ್ಯಾಸದಿಂದ ನನ್ನ ಕೈ ಬಾಗಿಲಿಗೆ ಹೋದರೆ, ಕಾರು ನಿಲ್ಲದೆ ಹತ್ತಿತು. ಎರಡನೆಯ ತಿರುವಿನಲ್ಲಿ ಅಕ್ಕ ತಾನು ಕೂತಿದ್ದ ಕಲ್ಲನ್ನು ನೋಡಿದಳು. ಮೂರನೆಯದರಲ್ಲಿ ಮುಂದಿನಿಂದ ಹಬೆ ಎದ್ದಿತು. ದೊಡ್ಡ ಇಂಜಿನ್ನಿಗೆ ಚಿಕ್ಕ ರೇಡಿಯೇಟರ್ ಸಾಲುತ್ತಿರಲಿಲ್ಲ. ನಾನು ಕೊಡ ಹಿಡಿದು ಇಳಿದು ನೀರು ಹೊಯ್ದೆ. ಹೊಯ್ದ ಮೇಲೆ ಮತ್ತೆ ಹೊರಟಿತು. ಅಲ್ಲಿಂದ ಗುಡಿಯ ತನಕ ನಾನು ಕಾರಿನಲ್ಲಿ ಕೂತದ್ದಕ್ಕಿಂತ ಕೊಡ ಹಿಡಿದು ಹಿಂದೆ ನಡೆದದ್ದೇ ಹೆಚ್ಚು. ಅಕ್ಕ ಇಳಿಯಲಿಲ್ಲ. ಗುಡಿಯ ಬಾಗಿಲಲ್ಲಿ ಭಾವ ಇಳಿದು ಬಂದು ಅವಳ ಕಡೆಯ ಬಾಗಿಲು ತೆಗೆದರು. ಪುಟ್ಟಿಯ ತಲೆ ಬೋಳಾಯಿತು, ಮಗು ತಲೆ ಸವರಿಕೊಂಡು ನಗುತ್ತಿತ್ತು. ತಪ್ಪುಗಾಣಿಕೆ ಇಡುವಾಗ ಪೂಜೆಯವರು ಏನು ತಪ್ಪು ಎಂದರು. ಇವರ ಹೆಸರು ಕೂಗಿದೆ ಎಂದಳು ಅಕ್ಕ. ಏನು ಹೆಸರು ಎಂದರು. ಅಕ್ಕ ಬಾಯಿ ತೆರೆದು, ಮುಚ್ಚಿ, ಅತ್ತೆಮ್ಮನ ಮುಖ ನೋಡಿದಳು. ಅತ್ತೆಮ್ಮನೇ ಹೇಳಿದರು.

ಭಾವ ಆಮೇಲೆ ಬಹಳ ಕಾಲ ಬದುಕಿದರು. ಅದು ತಪ್ಪುಗಾಣಿಕೆಯಿಂದಲೋ ಕೂಗಿನಿಂದಲೋ ನಾನು ಹೇಳಲಾರೆ, ನಾನು ಕಂಡದ್ದನ್ನು ಮಾತ್ರ ಹೇಳುವವನು. ಈಗ ಅವರಿಲ್ಲ, ಅತ್ತೆಮ್ಮನೂ ಇಲ್ಲ, ಕೆಂದ ಅವರಿಗಿಂತ ಮೊದಲೇ ಹೋದ. ಅಕ್ಕ ಈಗಲೂ 'ಅವರು' ಎನ್ನುತ್ತಾಳೆ, ಹೆಸರು ಹೇಳುವುದಿಲ್ಲ.

ಇಷ್ಟು ಬರೆದು, ಸಾಕ್ಷಿಗೆ ಓದಿ ಹೇಳುವುದು ಪದ್ಧತಿಯಾದ್ದರಿಂದ, ಕೊಳ್ಳೇಗಾಲಕ್ಕೆ ಹೋಗಿ ಅಕ್ಕನಿಗೆ ಓದಿದೆ. ಅವಳು ಕಾಲು ಚಾಚಿಕೊಂಡು ಅವರೆಕಾಳು ಸುಲಿಯುತ್ತಾ ಕೇಳಿದಳು. ಎಲ್ಲ ಸರಿ ಎಂದಳು. ನಾನು ನಿಂತ ಜಾಗವೂ ಸರಿಯೇ ಎಂದು ಕೇಳಿದೆ.

"ಒಗೆಯೋ ಕಲ್ಲಿನ ಪಕ್ಕವೇ ಇದ್ದೆ ಕಣಪ್ಪ, ಸುಳ್ಳಲ್ಲ" ಎಂದಳು. "ಅಲ್ಲಿ ಬಾನೆಟ್ಟು ಒರಗಿಸಿದ್ರಲ್ಲ, ಅದ್ರ ಹಿಂದೆ ಇದ್ದೆ. ನಿನ್ನ ಪಂಚೆ ಅಂಚು ಆಚೆಗೆ ಕಾಣ್ತಿತ್ತು. ಮೊದ್ಲು ನಿನ್ನೇ ಹುಡುಕ್ದೆ ಕಣೋ, ತಮ್ಮ ಅವನೆ, ಓಡ್ಬಂದು ಎಳೀತಾನೆ ಅಂತ. ನೀ ಮುಂದೆ ಇದ್ದಿದ್ರೆ ನಾ ಯಾಕೆ ಅವರ ಹೆಸ್ರು ಕೂಗ್ತಿದ್ದೆ?"

ಬಾನೆಟ್ಟು ಮೇಲೆದ್ದು ಗಾಜಿಗೆ ಅಡ್ಡವಿದ್ದಾಗ ಕಾರಿನೊಳಗಿನಿಂದ ಎದುರಿಗೆ ಏನೂ ಕಾಣುವುದಿಲ್ಲ ಎಂದು ವಾದಿಸಲು ಬಾಯಿ ತೆರೆದೆ. ಆದರೆ ಅದನ್ನು ಪೂರ್ತಿ ಬಿಚ್ಚಿಟ್ಟಿದ್ದರು ಎಂದು ನಾನೇ ಮೇಲೆ ಬರೆದಿದ್ದೇನೆ. ಅವಳು ಇನ್ನೊಂದು ಹಿಡಿ ಅವರೆ ನನ್ನ ಮುಂದೆ ಸುರಿದು, ಸುಮ್ಮನೆ ಕೂರಬೇಡ, ಸುಲಿ ಎಂದಳು. ಸುಲಿದೆ.

ಆ ದಿನ ಆ ಹಿತ್ತಲಿನಲ್ಲಿ ಅದನ್ನು ಕಂಡು ಈಗಲೂ ಬದುಕಿರುವವರು: ಕಾರಿನೊಳಗಿದ್ದ ನನ್ನ ಅಕ್ಕ ಶಿವಮ್ಮ, ಗೋಡೆಯ ಆಚೆಯಿದ್ದ ಟೈಲರ್ ನಂಜಪ್ಪ, ಮತ್ತು ಬಾನೆಟ್ಟಿನ ಹಿಂದಿನಿಂದ ಎಷ್ಟು ಕಾಣುತ್ತದೋ ಅಷ್ಟನ್ನು ಕಂಡ ನಾನು.